ಕೊರತೆಯನ್ನೂ ನಕಲು ಮಾಡಬೇಕು

ಹಳೇ ವಾಲ್ವ್ ಗಿಟಾರ್ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟಬೇಕು ಅನ್ನುವವರಲ್ಲಿ ಅನೇಕರು ಮೊದಲು ಕೈ ಹಾಕುವುದು ಫೆಂಡರ್ ಕಂಪನಿಯ ಟ್ವೀಡ್ ಡಿಲಕ್ಸ್‌ಗೆ. 1950ರ ದಶಕದ ಕೊನೆಯ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ತಯಾರಾದ ಈ ಮಾದರಿಯ ಸರ್ಕ್ಯೂಟ್‌ಗೆ 5ಇ3 ಅಂತ ಹೆಸರು. ಪೈನ್ ಮರದ ಪೆಟ್ಟಿಗೆ, 12 ಇಂಚಿನ ಒಂದು ಸ್ಪೀಕರ್, ಐದು ವಾಲ್ವ್, ಅಷ್ಟೇ. ಲಿಯೊ ಫೆಂಡರ್ ಮೊದಲು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಆಂಪ್‌ನಲ್ಲಿರುವ ವಾಲ್ವ್‌ಗಳೂ ಆ ಕಾಲದಲ್ಲಿ ಸುಲಭವಾಗಿ ಸಿಗುತ್ತಿದ್ದಂಥವೇ.

ವಾಲ್ವ್ ಕೆಲಸ ಮಾಡುವ ರೀತಿ ಸರಳ. ಗಾಳಿ ತೆಗೆದ ಗಾಜಿನ ಬುರುಡೆಯ ನಡುವೆ ಕ್ಯಾಥೋಡ್ ಎಂಬ ಸಣ್ಣ ಕೊಳವೆ ಇರುತ್ತದೆ. ಅದರೊಳಗಿನ ತಂತಿ 6.3 ವೋಲ್ಟ್‌ನಲ್ಲಿ ಕೆಂಪಗೆ ಕಾದಾಗ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಬಿಡುತ್ತದೆ. ಸುತ್ತ ಇರುವ ಪ್ಲೇಟ್‌ನಲ್ಲಿ ನೂರಾರು ವೋಲ್ಟ್ ಇರುವುದರಿಂದ ಅವು ಅತ್ತ ಓಡುತ್ತವೆ. ದಾರಿಯಲ್ಲಿ ತಂತಿಯ ಸುರುಳಿಯೊಂದು ಅಡ್ಡ ನಿಂತಿದೆ. ಇದೇ ಗ್ರಿಡ್. ಗಿಟಾರಿನಿಂದ ಬಂದ ಪುಟ್ಟ ವೋಲ್ಟೇಜ್ ಗ್ರಿಡ್‌ನಲ್ಲಿ ಏರಿಳಿದರೆ ಪ್ಲೇಟ್‌ನಲ್ಲಿ ದೊಡ್ಡ ಏರಿಳಿತ ಕಾಣುತ್ತದೆ.

ಮಿತಿ ಮೀರಿ ವಾಲ್ಯೂಮ್ ಏರಿಸಿದರೆ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಆಗ ಇಲ್ಲದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಸ ನುಡಿಸಿದರೆ ಮೇಲಿನ ಸ, ಅದರಾಚೆಯ ಪ, ಹೀಗೆ. ಇಂಜಿನಿಯರ್‌ಗೆ ಇದು ದೋಷ. ಗಿಟಾರ್ ನುಡಿಸುವವರು ಮೋಹಗೊಂಡಿದ್ದು ಇದಕ್ಕೇ!

ಇನ್ನೊಂದು ದೋಷ ಇನ್ನೂ ಸ್ವಾರಸ್ಯದ್ದು. ಮನೆಯ ಎಸಿ ಕರೆಂಟನ್ನು ಡಿಸಿ ಮಾಡಲು ಇಲ್ಲಿ 5ವೈ3 ಎಂಬ ವಾಲ್ವ್ ಇದೆ. ಗಿಟಾರಿನ ತಂತಿಯನ್ನು ಜೋರಾಗಿ ಮೀಟಿದಾಗ ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್‌ಗಳು ಜಾಸ್ತಿ ಕರೆಂಟ್ ಎಳೆಯುತ್ತವೆ. ಹಳ್ಳಿಯಲ್ಲಿ ಪಂಪ್‌ಸೆಟ್ ಶುರುವಾದ ಕೂಡಲೇ ಮನೆಯ ಬಲ್ಬ್ ಮಂಕಾಗುತ್ತದಲ್ವಾ, ಹಾಗೆ 5ವೈ3 ಕೊಡುವ ವೋಲ್ಟೇಜ್ ಕುಸಿಯುತ್ತದೆ. ಸ್ವರದ ಮೊದಲ ಹೊಡೆತ ಅದುಮಿಕೊಂಡು, ಆಮೇಲೆ ನಿಧಾನವಾಗಿ ಅರಳುತ್ತದೆ. 'ಹೇಗೂ ಹೊಸದು ಕಟ್ಟುತ್ತಿದ್ದೇವೆ, ಸುಧಾರಿಸೋಣ' ಅಂತ 5ವೈ3 ಬದಲು ಸಿಲಿಕಾನ್ ಡಯೋಡ್ ಹಾಕಿದರೆ ಈ ಗುಣ ಬಹುಪಾಲು ಹೋಗುತ್ತದೆ. ಮೇಲಾಗಿ ವೋಲ್ಟೇಜ್ ಏರಿ 6ವಿ6 ಎಂಬ ಆ ಔಟ್‌ಪುಟ್ ವಾಲ್ವ್‌ಗಳ ಆಯಸ್ಸೂ ಕಡಿಮೆಯಾಗಬಹುದು. ನನ್ನ ಮಟ್ಟಿಗೆ ಇದು ಸುಮ್ನೆ ಕೆಡಿಸುವ ಕೆಲಸ.

ತಲೆನೋವು ಇರುವುದು ಟ್ರಾನ್ಸ್‌ಫಾರ್ಮರ್‌ಗಳಲ್ಲಿ. ಅಮೆರಿಕದ ಮೂಲ ಆಂಪ್ ಓಡುವುದು ಸುಮಾರು 117 ವೋಲ್ಟ್‌ನಲ್ಲಿ, ನಮ್ಮದು 230. ಇದಕ್ಕೆ ತಕ್ಕ ಪವರ್ ಟ್ರಾನ್ಸ್‌ಫಾರ್ಮರನ್ನು ವೈಂಡಿಂಗ್ ಗೊತ್ತಿರುವವರು ಸುತ್ತಿ ಕೊಡಬಲ್ಲರು. ವಾಲ್ವ್‌ಗಳಿಗೂ ಸ್ಪೀಕರಿಗೂ ನಡುವೆ ಕೂರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಗಲ್ಲ. ಎರಡು 6ವಿ6ಗಳಿಗೆ ಸುಮಾರು 8,000 ಓಮ್ ಹೊರೆ ಬೇಕು, ಸ್ಪೀಕರ್ ಬರೀ 8 ಓಮ್. ಸಾವಿರ ಪಟ್ಟು ವ್ಯತ್ಯಾಸ. ಸುತ್ತುಗಳ ಅನುಪಾತ ಇದರ ವರ್ಗಮೂಲ, ಅಂದರೆ ಸುಮಾರು 32ಕ್ಕೆ 1. ಲೆಕ್ಕ ಸುಲಭ, ಸುತ್ತುವುದು ಕಷ್ಟ. ವಾಲ್ವ್ ಕಡೆಯ ಸುರುಳಿ (ಪ್ರೈಮರಿ), ಸ್ಪೀಕರ್ ಕಡೆಯ ಸುರುಳಿ (ಸೆಕೆಂಡರಿ) ಇವೆರಡನ್ನೂ ಪದರ ಪದರವಾಗಿ ಒಂದರೊಳಗೊಂದು ಸುತ್ತದಿದ್ದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ವಾಲ್ವ್‌ಗಳ ಬಗ್ಗೆ ಒಂದು ಮಾತು: ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ಫಿಲಿಪ್ಸ್ ಸಹಯೋಗದಿಂದ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ಅವನ್ನು ಹುಡುಕುವವರು ಈಗಲೂ ಇದ್ದಾರೆ.

ಬಿಡಿಭಾಗ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯೇ ಸಾಕ್ಷಿ. 1962ರಲ್ಲಿ ಅಲ್ಲಿ ಫೆಂಡರ್‌ನ ಇನ್ನೊಂದು ಆಂಪ್ ಬಾಸ್‌ಮನ್‌ನ ಸರ್ಕ್ಯೂಟನ್ನೇ ಹೆಚ್ಚುಕಡಿಮೆ ಹಾಗೇ ಇಳಿಸಿದರು. ಆದರೆ ಮೊದಲ ವಾಲ್ವ್ ಬೇರೆ. ಹಿಂಬದಿ ತೆರೆದ ಪೆಟ್ಟಿಗೆಯ ನಾಲ್ಕು 10 ಇಂಚಿನ ಸ್ಪೀಕರ್‌ಗಳ ಬದಲು ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು 12 ಇಂಚಿನವು ಬಂದವು. ನಕಲು ಮಾಡಲು ಹೋದದ್ದು ಬ್ರಿಟಿಷ್ ರಾಕ್‌ನ ಸ್ವಂತ ದನಿಯೇ ಆಯಿತು.

ಕಟ್ಟುವವರಿಗೆ ಎಚ್ಚರಿಕೆ. ಒಳಗೆ 350 ವೋಲ್ಟ್‌ಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಮೊದಲ ಸಲ ಕರೆಂಟ್ ಕೊಡುವಾಗ ಹಳೇ ತಂತಿ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಒಳ್ಳೆಯ ಲಕ್ಷಣ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ.

ಡಿಲಕ್ಸ್‌ನಲ್ಲಿ ಎರಡು ಚಾನಲ್, ಒಂದೊಂದಕ್ಕೂ ಬೇರೆ ವಾಲ್ಯೂಮ್. ನುಡಿಸುವಾಗ ಗಿಟಾರ್ ಹಾಕದ ಇನ್ನೊಂದು ಚಾನಲ್‌ನ ವಾಲ್ಯೂಮ್ ಕೂಡ ತಿರುಗಿಸಿ ನೋಡಿ. ಎರಡೂ ಚಾನಲ್‌ಗಳ ನಡುವೆ ಪ್ರತ್ಯೇಕಿಸುವ ರೆಸಿಸ್ಟರ್ ಇಲ್ಲದ್ದರಿಂದ ನಾದ ಬದಲಾಗುತ್ತದೆ. ಇದನ್ನೂ 'ಸರಿಪಡಿಸುವ' ಜನ ಇದ್ದಾರೆ, ಅವರ ಮಾತು ಕೇಳಬೇಡಿ.