ಬಿಷಪ್ಪರ ಬೀರುವಿನ ಕೀಲಿ, ಕಾನೂನಿನ ಗಡುವು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಂದು ಹೊಸ ಕಾಯ್ದೆಯೊಂದು ಜಾರಿಗೆ ಬರುವುದಿತ್ತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಎಷ್ಟೇ ವರ್ಷ ಕಳೆದಿದ್ದರೂ ಪರಿಹಾರಕ್ಕೆ ದಾವೆ ಹೂಡಬಹುದು ಎನ್ನುವ ಕಾಯ್ದೆ ಅದು. ಎರಡೇ ದಿನ ಮೊದಲು, ಸೆಪ್ಟೆಂಬರ್ 29ರಂದು, ಬಾಲ್ಟಿಮೋರ್‌ನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯ (ಒಬ್ಬ ಆರ್ಚ್‌ಬಿಷಪ್ಪರ ಆಡಳಿತಕ್ಕೊಳಪಟ್ಟ ಚರ್ಚುಗಳ ವಲಯ) ದಿವಾಳಿ ಅರ್ಜಿ ಹಾಕಿತು. ಅಲ್ಲಿ 600ಕ್ಕೂ ಹೆಚ್ಚು ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಎಂದು ರಾಜ್ಯದ ಅಟಾರ್ನಿ ಜನರಲ್ ಅದೇ ಏಪ್ರಿಲ್‌ನಲ್ಲಿ ವರದಿ ಕೊಟ್ಟಿದ್ದರು. ದಿವಾಳಿ ಅರ್ಜಿ ಸಲ್ಲಿಕೆಯಾದರೆ ಆ ಸಂಸ್ಥೆಯ ಮೇಲಿನ ಎಲ್ಲ ದಾವೆಗಳೂ ತಾವಾಗಿಯೇ ತಡೆಯಾಗುತ್ತವೆ.

ಈ ಎರಡು ದಿನಗಳ ಬೆನ್ನಿಗೆ ನಾಲ್ಕು ದಶಕಗಳ ಹೋರಾಟವಿದೆ. ಪಾದ್ರಿಗಳಿಂದ ದೌರ್ಜನ್ಯಕ್ಕೊಳಗಾದ ಮಕ್ಕಳು ದೊಡ್ಡವರಾಗಿ ನ್ಯಾಯ ಕೇಳಲು ಹೋದಾಗಲೆಲ್ಲ ಎದುರಾದ ಅಡ್ಡಗೋಡೆ ಒಂದೇ: ಕಾಲಮಿತಿ. ನ್ಯೂಯಾರ್ಕ್‌ನಲ್ಲಿ 2019ರವರೆಗೆ ಇದ್ದ ನಿಯಮ ನೋಡಿ. ಹತ್ತನೇ ವಯಸ್ಸಿನಲ್ಲಿ ದೌರ್ಜನ್ಯಕ್ಕೆ ಒಳಗಾದವನು ತನ್ನ ಮೇಲೆ ಕೈಹಾಕಿದ ಪಾದ್ರಿಯ ವಿರುದ್ಧ 23 ತುಂಬುವುದರೊಳಗೆ ಸಿವಿಲ್ ದಾವೆ ಹೂಡಬೇಕಿತ್ತು. ಆ ಪಾದ್ರಿಯನ್ನು ಅಲ್ಲಿಗೆ ಕಳಿಸಿದ ಧರ್ಮಪ್ರಾಂತ್ಯದ ನಿರ್ಲಕ್ಷ್ಯವನ್ನು ಪ್ರಶ್ನಿಸಲು 21ರೊಳಗೆ. ಆದರೆ ಇಂಥ ನೋವು ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ತನಿಖೆಗೆ ನೇಮಕವಾಗಿದ್ದ ಆಸ್ಟ್ರೇಲಿಯಾದ ರಾಯಲ್ ಕಮಿಷನ್ ಸಾವಿರಾರು ಸಂತ್ರಸ್ತರ ಮಾತು ಕೇಳಿ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, ನಡೆದದ್ದನ್ನು ಮೊದಲ ಬಾರಿಗೆ ಯಾರಿಗಾದರೂ ಹೇಳಿಕೊಳ್ಳಲು ಅವರಿಗೆ ಹಿಡಿದ ಸಮಯ ಸರಾಸರಿ 23.9 ವರ್ಷ. ಬಾಯಿ ತೆರೆಯುವ ಹೊತ್ತಿಗೆ ಕಾನೂನಿನ ಬಾಗಿಲು ಮುಚ್ಚಿರುತ್ತಿತ್ತು.

ಕಾಲಮಿತಿಯನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ವರ್ಷ ಕಳೆದಂತೆ ನೆನಪು ಮಸುಕಾಗುತ್ತದೆ, ಸಾಕ್ಷಿಗಳು ಸಾಯುತ್ತಾರೆ, ಆರೋಪಿಯೇ ಇಲ್ಲದಿದ್ದರೆ ಅವನ ಪರ ಉತ್ತರಿಸುವವರು ಯಾರು? ಸಾಮಾನ್ಯ ಮೊಕದ್ದಮೆಗೆ ಈ ಮಾತು ಸರಿ. ಆದರೆ ಕ್ಯಾಥೊಲಿಕ್ ಚರ್ಚಿನ ಧರ್ಮಶಾಸನದ 489ನೇ ವಿಧಿ ಪ್ರತಿ ಧರ್ಮಪ್ರಾಂತ್ಯದಲ್ಲೂ ಒಂದು ರಹಸ್ಯ ದಫ್ತರ ಇರಬೇಕು ಎನ್ನುತ್ತದೆ. ಬೀಗ ಹಾಕಿದ, ಜಾಗ ಬಿಟ್ಟು ಕದಲಿಸಲಾಗದ ಬೀರು. ಮುಂದಿನ ವಿಧಿಯ ಪ್ರಕಾರ ಅದರ ಕೀಲಿ ಬಿಷಪ್ ಒಬ್ಬರ ಬಳಿಯೇ ಇರಬೇಕು. ದೂರುಗಳು, ಅವುಗಳ ಮೇಲಿನ ಟಿಪ್ಪಣಿ, ವೈದ್ಯರ ವರದಿ, ವರ್ಗಾವಣೆಯ ಪತ್ರಗಳು ಅಲ್ಲಿ ಸೇರುತ್ತ ಹೋದವು. ಪುರಾವೆ ಅಳಿದುಹೋಗಿರಲಿಲ್ಲ. ಪ್ರತಿವಾದಿಯ ಕಚೇರಿಯಲ್ಲೇ ಭದ್ರವಾಗಿತ್ತು. ಕಾಲ ಕಳೆದಂತೆ ಕೈ ಬರಿದಾಗುತ್ತಿದ್ದದ್ದು ಮಗುವಿನದು ಮಾತ್ರ.

ಮೊದಲ ಬಿರುಕು ಬಿದ್ದದ್ದು ಲೂಯಿಸಿಯಾನದ ಲಫಾಯೆಟ್‌ನಲ್ಲಿ. ಗಿಲ್ಬರ್ಟ್ ಗೋಥೆ ಎಂಬ ಪಾದ್ರಿಯ ವಿಷಯದಲ್ಲಿ ಧರ್ಮಪ್ರಾಂತ್ಯ ಹಲವು ಕುಟುಂಬಗಳಿಗೆ ಹಣ ಕೊಟ್ಟು, ಬಾಯಿಬಿಡಬಾರದೆಂಬ ಷರತ್ತಿನ ಮೇಲೆ ಗುಟ್ಟಾಗಿ ರಾಜಿ ಮಾಡಿಕೊಂಡಿತ್ತು. ಒಂದು ಕುಟುಂಬ ಮಾತ್ರ ಒಪ್ಪದೆ ಬಹಿರಂಗವಾಗಿ ಕೋರ್ಟಿಗೆ ಹೋಯಿತು. 1985ರಲ್ಲಿ ಗೋಥೆ ತಪ್ಪೊಪ್ಪಿಕೊಂಡು 20 ವರ್ಷದ ಶಿಕ್ಷೆಗೆ ಒಳಗಾದ. ಮರುವರ್ಷ ಜ್ಯೂರಿ ಆ ಕುಟುಂಬಕ್ಕೆ 12.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಆ ಮನೆಯವರು ಸಹಿ ಹಾಕಲು ನಿರಾಕರಿಸದೇ ಇದ್ದಿದ್ದರೆ ಮುಂದಿನದೆಲ್ಲ ಇನ್ನೆಷ್ಟು ತಡವಾಗುತ್ತಿತ್ತೋ.

ಬೋಸ್ಟನ್‌ನದ್ದು ಎಲ್ಲರೂ ಕೇಳಿದ ಕತೆ. 2002ರ ಜನವರಿ 6ರಂದು ‘ಬೋಸ್ಟನ್ ಗ್ಲೋಬ್’ ಪತ್ರಿಕೆ ಜಾನ್ ಗೇಗನ್ ಎಂಬ ಪಾದ್ರಿಯ ಕುರಿತು ಬರೆಯಿತು. ಮೂರು ದಶಕಗಳಲ್ಲಿ ಆರು ಚರ್ಚುಗಳು, 130ಕ್ಕೂ ಹೆಚ್ಚು ಮಂದಿಯ ದೂರು. ಸುದ್ದಿಗಿಂತ ಅದರ ಹಿಂದಿನ ಕಾಗದಪತ್ರಗಳೇ ಮುಖ್ಯ. ಪತ್ರಿಕೆ ಕೋರ್ಟಿಗೆ ಹೋಗಿ, ಮೊಹರು ಹಾಕಿಟ್ಟಿದ್ದ ದಾಖಲೆಗಳನ್ನು ತೆರೆಸಿತ್ತು. ನ್ಯಾಯಾಧೀಶೆ ಕಾನ್‌ಸ್ಟನ್ಸ್ ಸ್ವೀನಿ ಆ ಆದೇಶ ಕೊಟ್ಟವರು. ಅವುಗಳಲ್ಲೊಂದು 1984ರ ಡಿಸೆಂಬರ್‌ನ ಪತ್ರ. ಗೇಗನ್‌ನನ್ನು ವೆಸ್ಟನ್ ಊರಿನ ಚರ್ಚಿಗೆ ಹಾಕಿದ್ದಕ್ಕೆ ಸಹಾಯಕ ಬಿಷಪ್ ಜಾನ್ ಡಾರ್ಸಿ, ಈತನಿಗೆ ಬಾಲಕರೊಂದಿಗಿನ ಹಿಂದಿನ ಚರಿತ್ರೆಯಿದೆ ಎಂದು ಆರ್ಚ್‌ಬಿಷಪ್ ಬರ್ನಾರ್ಡ್ ಲಾ ಅವರಿಗೆ ಬರೆದು ಆಕ್ಷೇಪಿಸಿದ್ದರು. ಗೇಗನ್ ಅಲ್ಲೇ ಮುಂದುವರಿದ. ಹದಿನೇಳು ವರ್ಷ ಆ ಕಾಗದ ಕಡತದಲ್ಲಿತ್ತು. ಅಷ್ಟೂ ವರ್ಷ ಗೊತ್ತಿದ್ದವರು ಗೊತ್ತಿಲ್ಲದವರಂತೆ ಇದ್ದರು ಎಂಬುದನ್ನು ಓದುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಷ್ಟರಲ್ಲಿ ಕಾರ್ಡಿನಲ್ ಆಗಿದ್ದ ಲಾ 2002ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2003ರಲ್ಲಿ 552 ಮಂದಿಗೆ ಒಟ್ಟು 8.5 ಕೋಟಿ ಡಾಲರ್ ಕೊಡುವ ರಾಜಿಯಾಯಿತು. ಧರ್ಮಾರ್ಥ ಸಂಸ್ಥೆಯಿಂದ 20,000 ಡಾಲರ್‌ಗಿಂತ ಹೆಚ್ಚು ಪರಿಹಾರ ವಸೂಲು ಮಾಡುವಂತಿಲ್ಲ ಎಂಬ ಕಾನೂನಿದ್ದ ರಾಜ್ಯದಲ್ಲಿ ಅಷ್ಟು ಹಣ ಹೊರಬಂದದ್ದು ಆ ಕಾಗದಗಳಿಂದಲೇ ಎಂದು ನನ್ನ ನಂಬಿಕೆ.

ಹಾಗಾದರೆ ಹಳೆಯ ಅಪರಾಧಗಳಿಗೆ ಜೈಲು? ಅಮೆರಿಕದ ಸುಪ್ರೀಂ ಕೋರ್ಟ್ 2003ರ ಜೂನ್‌ನಲ್ಲಿ ಸ್ಟಾಗ್ನರ್ ಪ್ರಕರಣದಲ್ಲಿ ಆ ದಾರಿ ಮುಚ್ಚಿತು. ಒಮ್ಮೆ ಮುಗಿದ ಕ್ರಿಮಿನಲ್ ಕಾಲಮಿತಿಗೆ ಹೊಸ ಕಾಯ್ದೆಯಿಂದ ಮರುಜೀವ ಕೊಡುವುದು ಸಂವಿಧಾನಬಾಹಿರ ಎಂದು 5–4ರ ತೀರ್ಪು ಬಂತು. ಆ ಪ್ರಕರಣದ ಆರೋಪಿ ಪಾದ್ರಿಯಲ್ಲದಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಹಲವು ಪಾದ್ರಿಗಳ ಮೇಲಿದ್ದ ಮೊಕದ್ದಮೆಗಳು ಬಿದ್ದುಹೋದವು. ಉಳಿದದ್ದು ಸಿವಿಲ್ ದಾರಿ. ಅದೇ ವರ್ಷ ಕ್ಯಾಲಿಫೋರ್ನಿಯಾ, ಗಡುವು ಮುಗಿದವರೂ ಸಂಸ್ಥೆಗಳ ಮೇಲೆ ದಾವೆ ಹೂಡಲು ಒಂದು ವರ್ಷದ ‘ವಿಂಡೋ’ ಕೊಟ್ಟಿತ್ತು. ಫಲವಾಗಿ 2007ರಲ್ಲಿ ಲಾಸ್ ಏಂಜಲೀಸ್ ಮಹಾಧರ್ಮಪ್ರಾಂತ್ಯ 508 ಮಂದಿಗೆ 66 ಕೋಟಿ ಡಾಲರ್ ಕೊಡಲು ಒಪ್ಪಿತು. ಡೆಲವೇರ್ ಅದೇ ದಾರಿ ಹಿಡಿಯಿತು. ನ್ಯೂಯಾರ್ಕ್‌ನಲ್ಲಿ ಮಾತ್ರ ಮಸೂದೆ ವರ್ಷಗಟ್ಟಲೆ ಸೆನೆಟ್‌ನಲ್ಲಿ ಕೊಳೆಯಿತು. ಬಿಷಪ್ಪರ ಒಕ್ಕೂಟ, ವಿಮಾ ಕಂಪನಿಗಳು ಎರಡೂ ವಿರೋಧಿಸುತ್ತಿದ್ದವು. 2019ರಲ್ಲಿ ಕೊನೆಗೂ ಕಾಯ್ದೆಯಾಗಿ, ಕೋವಿಡ್‌ನಿಂದಾಗಿ ವಿಸ್ತರಿಸಿದ ಎರಡು ವರ್ಷಗಳ ಅವಧಿಯಲ್ಲಿ, ಎಲ್ಲ ಬಗೆಯ ಸಂಸ್ಥೆಗಳ ವಿರುದ್ಧ ಸುಮಾರು 11,000 ದಾವೆಗಳು ದಾಖಲಾದವು.

ಪೆನ್ಸಿಲ್ವೇನಿಯಾದ ಅನುಭವ ಮನಸ್ಸು ಕಲಕುವಂಥದ್ದು. ಅಲ್ಲಿನ ಗ್ರ್ಯಾಂಡ್ ಜ್ಯೂರಿ (ಅಪರಾಧಗಳ ತನಿಖೆ ನಡೆಸುವ ನಾಗರಿಕರ ಮಂಡಳಿ) ಆರು ಧರ್ಮಪ್ರಾಂತ್ಯಗಳ ರಹಸ್ಯ ದಫ್ತರಗಳನ್ನು ತರಿಸಿಕೊಂಡು ಓದಿ, 2018ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು: 300ಕ್ಕೂ ಹೆಚ್ಚು ಪಾದ್ರಿಗಳು, ಗುರುತಿಸಲಾದ ಮಕ್ಕಳೇ ಸಾವಿರಕ್ಕೂ ಮಿಕ್ಕಿ. ಕಾಲಮಿತಿಯ ಕಾರಣ ಮೊಕದ್ದಮೆ ಹೂಡಲು ಸಾಧ್ಯವಾದದ್ದು ಇಬ್ಬರ ಮೇಲೆ. ಸಂತ್ರಸ್ತರಿಗೆ ಸಿವಿಲ್ ಅವಕಾಶ ಕೊಡಲು ರಾಜ್ಯ ಸಂವಿಧಾನದ ತಿದ್ದುಪಡಿಗೆ ಹೊರಟರು. ಶಾಸನಸಭೆಯ ಎರಡು ಅವಧಿಗಳಲ್ಲಿ ಅದು ಪಾಸಾಗಬೇಕು, ನಡುವೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಆಮೇಲೆ ಜನಮತ. ಸರ್ಕಾರಿ ಇಲಾಖೆ ಆ ಪ್ರಕಟಣೆ ಕೊಡುವುದನ್ನೇ ಬಿಟ್ಟಿತ್ತು. 2021ರ ಫೆಬ್ರುವರಿಯಲ್ಲಿ ಇಲಾಖೆಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು, ಪ್ರಕ್ರಿಯೆ ಮೊದಲಿನಿಂದ ಶುರುವಾಗಬೇಕಾಯಿತು. ಆ ಹೊತ್ತಿಗೆ ಎಪ್ಪತ್ತು ದಾಟಿದ್ದವರಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ದಿವಾಳಿ ಅರ್ಜಿ. 2004ರಲ್ಲಿ ಆರೆಗನ್‌ನ ಪೋರ್ಟ್‌ಲ್ಯಾಂಡ್ ಇದನ್ನು ಮೊದಲು ಹಾಕಿತು, ಆಮೇಲೆ ಮೂವತ್ತಕ್ಕೂ ಹೆಚ್ಚು ಧರ್ಮಪ್ರಾಂತ್ಯಗಳು ಹಾಕಿದವು. ಬಾಗಿಲು ಮುಚ್ಚುವ ಅರ್ಜಿಯಲ್ಲ ಇದು, ಸಾಲ ಕೊಟ್ಟವರೊಂದಿಗೆ ಲೆಕ್ಕ ಚುಕ್ತಾ ಮಾಡಿ ಮುಂದುವರಿಯುವ ಅರ್ಜಿ. ದೌರ್ಜನ್ಯಕ್ಕೊಳಗಾದವರು ಇಲ್ಲಿ ಹಣ ಬರಬೇಕಾದವರ ಪಟ್ಟಿಯಲ್ಲಿ ಒಂದು ಹೆಸರು. ನ್ಯಾಯಾಲಯ ನಿಗದಿಪಡಿಸಿದ ದಿನದೊಳಗೆ ಅರ್ಜಿ ತುಂಬಬೇಕು. ಎಲ್ಲರಿಗೂ ಹಂಚಿ ಸಿಗುವ ಹಣ ಖಚಿತವಾಗುತ್ತದೆ, ಮೊದಲು ಬಂದವನಿಗೆ ಎಲ್ಲ, ಕೊನೆಯವನಿಗೆ ಇಲ್ಲ ಎಂಬ ಅನ್ಯಾಯ ತಪ್ಪುತ್ತದೆ. ಅದು ನಿಜ. ಆದರೆ ಬಿಷಪ್ಪರನ್ನು ಪ್ರಮಾಣ ಮಾಡಿಸಿ ಪ್ರಶ್ನಿಸುವುದು, ಕಡತ ಹೊರಗೆಳೆಸುವುದು, ಜ್ಯೂರಿಯ ಮುಂದೆ ನಿಂತು ಹೇಳುವುದು ನಿಂತುಹೋಗುತ್ತದೆ. ನ್ಯೂಯಾರ್ಕ್‌ನ ರಾಕ್‌ವಿಲ್ ಸೆಂಟರ್ ಧರ್ಮಪ್ರಾಂತ್ಯದ ಸಂತ್ರಸ್ತರು 32.3 ಕೋಟಿ ಡಾಲರ್‌ನ ಒಪ್ಪಂದಕ್ಕಾಗಿ 2020ರಿಂದ 2024ರವರೆಗೆ ಕಾದರು.

ಭಾರತದಲ್ಲಿ ಚಿತ್ರ ತಲೆಕೆಳಗು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯಡಿ ಗಂಭೀರ ಅಪರಾಧಗಳಿಗೆ ಕಾಲಮಿತಿಯಿಲ್ಲ, ದೊಡ್ಡವರಾದ ಮೇಲೂ ದೂರು ಕೊಡಬಹುದು ಎಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ಧಾರ್ಮಿಕ ಸಂಸ್ಥೆಯ ಆಡಳಿತದವರು ಅಥವಾ ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಎಸಗಿದ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ ಜೈಲು. ಮಠವಾಗಲಿ, ಚರ್ಚಾಗಲಿ, ಮದರಸಾವಾಗಲಿ, ವ್ಯತ್ಯಾಸವಿಲ್ಲ. ಗೊತ್ತಿದ್ದೂ ದೂರು ಕೊಡದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಕೇರಳದ ಕೊಟ್ಟಿಯೂರಿನ ಪಾದ್ರಿಗೆ 2019ರಲ್ಲಿ 20 ವರ್ಷ ಶಿಕ್ಷೆಯಾಯಿತು, 2021ರಲ್ಲಿ ಹೈಕೋರ್ಟ್ ಅದನ್ನು 10 ವರ್ಷಕ್ಕೆ ಇಳಿಸಿತು. ಮುಚ್ಚಿಹಾಕಲು ನೆರವಾದ ಆರೋಪ ಹೊತ್ತಿದ್ದ ಉಳಿದವರು ಖುಲಾಸೆಯಾದರು.

ಸಂಸ್ಥೆಯಿಂದ ಪರಿಹಾರ ಕೇಳುವ ಸಿವಿಲ್ ದಾವೆಗೆ ಮಾತ್ರ ನಮ್ಮಲ್ಲಿ 1963ರ ಕಾಲಮಿತಿ ಕಾಯ್ದೆಯೇ ಅನ್ವಯ. 18 ತುಂಬಿದ ಮೇಲೆ ಹೆಚ್ಚೆಂದರೆ ಮೂರು ವರ್ಷ, ಅಂದರೆ 21ರೊಳಗೆ. ಪೋಕ್ಸೊ ವಿಶೇಷ ನ್ಯಾಯಾಲಯ ಪರಿಹಾರಕ್ಕೆ ಆದೇಶಿಸಬಹುದು, ಆರೋಪಿ ಖುಲಾಸೆಯಾದರೂ ಕೊಡಿಸಬಹುದು. ಆದರೆ ಆ ಹಣವನ್ನು ತೆರುವುದು ರಾಜ್ಯ ಸರ್ಕಾರದ ನಿಧಿ. ಸಂಸ್ಥೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ, ಯಾರಿಗೆ ಏನು ಯಾವಾಗ ಗೊತ್ತಿತ್ತು ಎಂಬುದಕ್ಕೆ ತನ್ನ ಕಡತ ತೆರೆದು ತೋರಿಸಬೇಕಾದ ಸಂದರ್ಭವೂ ಅಲ್ಲಿ ಹುಟ್ಟುವುದಿಲ್ಲ.