ಬೇರೆಯವರ ತಪ್ಪಿಗೂ ನಾನೇ ದುಡ್ಡು ಕಟ್ಟಬೇಕೆ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಕೆಲಸದ ಉಪಗುತ್ತಿಗೆದಾರ. ಮುಖ್ಯ ಗುತ್ತಿಗೆದಾರರು ಕಳಿಸಿದ ಕರಾರಿನ ಇಂಡೆಮ್ನಿಟಿ ಷರತ್ತಿನಲ್ಲಿ, ‘ಕಾಮಗಾರಿಗೆ ಸಂಬಂಧಿಸಿ ಯಾವುದೇ ಕಾರಣದಿಂದ ಉಂಟಾಗುವ ಎಲ್ಲ ನಷ್ಟ, ದಾವೆ, ವೆಚ್ಚಗಳನ್ನು ಉಪಗುತ್ತಿಗೆದಾರರೇ ಭರಿಸತಕ್ಕದ್ದು’ ಎಂದಿದೆ. ಇದೆಲ್ಲ ಮಾಮೂಲಿ ಎನ್ನುತ್ತಾರೆ. ಸಹಿ ಹಾಕಬಹುದೇ?

ಉತ್ತರ: ಇದ್ದ ಹಾಗೇ ಹಾಕಬೇಡಿ. ಇಂಡೆಮ್ನಿಟಿ, ಅಂದರೆ ನಷ್ಟ ತುಂಬಿಕೊಡುವ ಮಾತು, ಕರಾರಿನಲ್ಲಿರುವುದು ಮಾಮೂಲಿಯೇ. ನಿಮಗೆ ಅಪಾಯ ಇರುವುದು ‘ಯಾವುದೇ ಕಾರಣದಿಂದ’ ಎಂಬ ಎರಡು ಪದಗಳಲ್ಲಿ.

ಮುಖ್ಯ ಗುತ್ತಿಗೆದಾರರ ಕಡೆಯವರು ಸಾರುವೆ ಕಟ್ಟಿದ್ದಾರೆ, ಒಂದು ಹಲಗೆಯ ಕಟ್ಟು ಸಡಿಲವಿದೆ ಎಂದುಕೊಳ್ಳಿ. ನಿಮ್ಮ ವೈರ್‌ಮನ್ ಅದರ ಮೇಲೆ ನಿಂತು ಪೈಪ್ ಕೂರಿಸುವಾಗ ಹಲಗೆ ಜಾರಿ, ಕೆಳಗೆ ಹೋಗುತ್ತಿದ್ದವರ ತಲೆಗೆ ಬೀಳುತ್ತದೆ. ಪೆಟ್ಟು ತಿಂದವರು ಮುಖ್ಯ ಗುತ್ತಿಗೆದಾರರ ಮೇಲೆ ದಾವೆ ಹೂಡುತ್ತಾರೆ. ಕಟ್ಟು ಬಿಗಿಯದಿದ್ದುದು ಅವರ ತಪ್ಪು. ಆದರೂ ಈ ಷರತ್ತು ತೋರಿಸಿ ಪರಿಹಾರದ ಹಣ, ವಕೀಲರ ಫೀಸು ಎರಡನ್ನೂ ನಿಮ್ಮಿಂದ ಕೇಳಬಹುದು.

ಕಾನೂನು ಕಾಪಾಡುವುದಿಲ್ಲವೇ? ಅದು ಆಯಾ ದೇಶದ ಮೇಲೆ ಹೋಗುತ್ತದೆ. ನ್ಯೂಯಾರ್ಕ್‌ನಂಥ ಕೆಲವು ಅಮೆರಿಕನ್ ರಾಜ್ಯಗಳಲ್ಲಿ, ನಿರ್ಮಾಣ ಕರಾರಿನಲ್ಲಿ ತನ್ನ ನಿರ್ಲಕ್ಷ್ಯದ ಹೊರೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಕಾನೂನಿನಲ್ಲೇ ತಡೆಯಿದೆ. ಭಾರತದ 1872ರ ಕರಾರು ಕಾಯ್ದೆಯಲ್ಲಿ ನಿರ್ಮಾಣಕ್ಕೆಂದೇ ಅಂಥ ತಡೆ ಇಲ್ಲ. ಅದರ 124ನೇ ಸೆಕ್ಷನ್‌ನ ವ್ಯಾಖ್ಯೆಯಲ್ಲಿ ಬೇರೊಬ್ಬರ ನಡವಳಿಕೆಯಿಂದಾದ ನಷ್ಟವೂ ಸೇರಿದೆ. 125ನೇ ಸೆಕ್ಷನ್ ದಾವೆಯ ಖರ್ಚು, ರಾಜಿಯ ಹಣವನ್ನೂ ವಸೂಲಿ ಮಾಡಲು ಬಿಡುತ್ತದೆ.

‘ಇನ್ಶೂರೆನ್ಸ್ ಇದೆಯಲ್ಲ’ ಎಂಬ ಧೈರ್ಯ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುತ್ತದೆ. ಕಾನೂನು ಹೊರಿಸದ ಹೊಣೆಯನ್ನು ಬರೀ ಕರಾರಿನಿಂದ ಮೈಮೇಲೆ ಎಳೆದುಕೊಂಡರೆ, ಅದನ್ನು ಹೊರಗಿಡುವ ಪಾಲಿಸಿಗಳೇ ಹೆಚ್ಚು. ಆಗ ಕೈಯಿಂದಲೇ ಕಟ್ಟಬೇಕು. ಸಹಿಗೆ ಮುಂಚೆ ಈ ಷರತ್ತನ್ನು ವಿಮಾ ಕಂಪನಿಗೆ ಕಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ತಿದ್ದುಪಡಿ ಕೇಳುವುದಾದರೆ ಹೀಗೆ ಕೇಳಿ: ‘ಉಪಗುತ್ತಿಗೆದಾರರ ಅಥವಾ ಅವರ ಕೆಲಸಗಾರರ ನಿರ್ಲಕ್ಷ್ಯದಿಂದ ಉಂಟಾದ ಮಟ್ಟಿಗೆ ಮಾತ್ರ’. ಈ ‘ಮಟ್ಟಿಗೆ’ ಬಿಟ್ಟುಹೋಗದಂತೆ ನೋಡಿಕೊಳ್ಳಿ. ನಿಮ್ಮ ಪಾಲು ಕಾಲುಭಾಗವಾದರೆ ಹೊಣೆಯೂ ಕಾಲುಭಾಗಕ್ಕೆ ನಿಲ್ಲುವುದು ಅದರಿಂದಲೇ. ಹೊಣೆಗೊಂದು ಗರಿಷ್ಠ ಮೊತ್ತ ಇರಲಿ. ನಿಮ್ಮನ್ನು ಕೇಳದೆ ರಾಜಿ ಮಾಡಿಕೊಳ್ಳಬಾರದೆಂಬ ಸಾಲೂ ಇರಲಿ. ತಿದ್ದಿದ ಪ್ರತಿಯನ್ನು ನಿಮ್ಮ ವಕೀಲರಿಗೊಮ್ಮೆ ತೋರಿಸಿ. ಕೆಲಸ ಶುರುವಾದ ಮೇಲೆ ಸಾರುವೆಯಲ್ಲಿ ಸಡಿಲ ಹಲಗೆ ಕಂಡರೆ ಕೆಲಸ ನಿಲ್ಲಿಸಿ, ಫೋಟೋ ತೆಗೆದು, ಅದೇ ದಿನ ಮುಖ್ಯ ಗುತ್ತಿಗೆದಾರರಿಗೆ ಬರೆದು ತಿಳಿಸಿ.