ಲಾಭ ಏರಿತು, ಸಂಬಳ ಇಳಿಯಿತು

2022-23ರಲ್ಲಿ ಇನ್ಫೋಸಿಸ್ ಲಾಭ 22,110 ಕೋಟಿಯಿಂದ 24,095 ಕೋಟಿ ರೂಪಾಯಿಗೆ ಏರಿತು. ಅದೇ ವರ್ಷ ಸಿಇಒ ಸಲೀಲ್ ಪರೇಖ್ ಅವರ ಸಂಬಳ 71 ಕೋಟಿಯಿಂದ 56 ಕೋಟಿಗೆ ಇಳಿಯಿತು. ಕಂಪನಿ ಜಾಸ್ತಿ ದುಡಿದರೆ ಮೇಲಿನವರ ಸಂಬಳವೂ ಏರಬೇಕು ಅಲ್ವಾ? ಹಾಗಂತ ಕಾನೂನು ಮಾಡಿದವರೂ ನಂಬಿದ್ದರು.

ಬ್ರಿಟಿಷರ ಕಾಲದಲ್ಲಿ ಸೆಣಬಿನ ಗಿರಣಿ, ಚಹಾ ತೋಟಗಳನ್ನು ನಡೆಸುತ್ತಿದ್ದದ್ದು ಮ್ಯಾನೇಜಿಂಗ್ ಏಜೆಂಟರು, ಅಂದರೆ ಒಪ್ಪಂದದ ಮೇಲೆ ಕಂಪನಿಯ ಆಡಳಿತ ವಹಿಸಿಕೊಂಡ ಸಂಸ್ಥೆಗಳು. ಎಷ್ಟೋ ಕಡೆ ಅವರ ಕಮಿಷನ್ ಮಾರಾಟದ ಮೇಲೋ ಉತ್ಪಾದನೆಯ ಮೇಲೋ ಇರುತ್ತಿತ್ತು. ಗಿರಣಿ ನಷ್ಟದಲ್ಲಿ ಮುಳುಗಿದರೂ ಏಜೆಂಟರ ಜೇಬು ತುಂಬುತ್ತಿತ್ತು. ಕಂಪನಿ ಕಾನೂನಿಗೆ 1936ರಲ್ಲಿ ಬಂದ ತಿದ್ದುಪಡಿ ಆ ಕಮಿಷನ್ನನ್ನು ನಿವ್ವಳ ಲಾಭಕ್ಕೆ ಕಟ್ಟಿಹಾಕಿತು. 1956ರ ಕಂಪನಿ ಕಾಯ್ದೆ ಇನ್ನೂ ಬಿಗಿ ಮಾಡಿತು: ಆಡಳಿತ ನಡೆಸುವವರಿಗೆಲ್ಲ ಸೇರಿ ಕೊಡುವ ಹಣ ಲಾಭದ 11% ಮೀರಬಾರದು. 1970ರಲ್ಲಿ ಏಜೆಂಟರೇ ಹೋದರು, 11% ಮಾತ್ರ ಉಳಿಯಿತು. 2013ರ ಕಾಯ್ದೆಯಲ್ಲೂ ಅದೇ ಅಂಕಿ ಇದೆ. ಒಬ್ಬನೇ ಎಂಡಿ (ವ್ಯವಸ್ಥಾಪಕ ನಿರ್ದೇಶಕ) ಇದ್ದರೆ 5%.

ಈಗ ಸುಮ್ನೆ ಒಂದು ಲೆಕ್ಕ ಹಾಕಿ. 22,110 ಕೋಟಿಯ 5% ಅಂದರೆ ಸಾವಿರದ ನೂರು ಕೋಟಿಗೂ ಮೇಲೆ. ಪರೇಖ್ ಪಡೆದ 71 ಕೋಟಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ದೊಡ್ಡ ಲಾಭದ ಕಂಪನಿಗೆ ಈ ಮಿತಿ ಇದ್ದೂ ಇಲ್ಲದಂತೆ. ಅದು ಚುಚ್ಚುವುದು ಲಾಭ ಕಡಿಮೆಯಾದವರನ್ನು. 2014ರಲ್ಲಿ ಟಾಟಾ ಮೋಟಾರ್ಸ್‌ಗೆ ಹಾಗೇ ಆಯಿತು. ಕಾಯ್ದೆಯ ಲೆಕ್ಕದಲ್ಲಿ ಲಾಭ ಸಾಲದೆ, ಹಿರಿಯ ಅಧಿಕಾರಿಗಳ ಸಂಬಳಕ್ಕೆ ಷೇರುದಾರರ ಒಪ್ಪಿಗೆ ಕೇಳಬೇಕಾಯಿತು. ಮೊದಲ ಸಲ ಅವರು ಒಪ್ಪಲಿಲ್ಲ.

ಹಾಗಾದರೆ ದೊಡ್ಡವರ ಸಂಬಳವನ್ನು ಹಿಡಿದಿರುವುದು ಯಾವುದು? ಷೇರು ಬೆಲೆ. ಈ ದಾರಿ ಅಮೆರಿಕದ್ದು. 1993ರಲ್ಲಿ ಅಲ್ಲಿ ಹತ್ತು ಲಕ್ಷ ಡಾಲರ್ ಮೀರಿದ ಸಂಬಳಕ್ಕೆ ಕಂಪನಿಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿ ತೆಗೆದರು. ಆದರೆ ಸಾಧನೆಗೆ ತಕ್ಕ ಸಂಬಳಕ್ಕೆ ಬಾಗಿಲು ತೆರೆದೇ ಇಟ್ಟರು. ಆ ಬಾಗಿಲಿನಿಂದ ಷೇರು ಆಪ್ಷನ್‌ಗಳು, ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕುಗಳು, ನುಗ್ಗಿದವು. ಸಾಧನೆ ಯಾರದ್ದು ಅನ್ನುವುದು ಬೇರೆ ಪ್ರಶ್ನೆ. ಕಚ್ಚಾತೈಲದ ಬೆಲೆ ಏರಿದಾಗ ತೈಲ ಕಂಪನಿಗಳ ಸಿಇಒಗಳ ಸಂಬಳವೂ ಏರುತ್ತದೆ ಎಂದು ಇಬ್ಬರು ಅರ್ಥಶಾಸ್ತ್ರಜ್ಞರು 2001ರಲ್ಲಿ ತೋರಿಸಿದರು. ತೈಲದ ಬೆಲೆ ಏರಿಸಿದ್ದು ಅವರೇನಲ್ಲವಲ್ಲ!

ಪರೇಖ್ ಅವರ 71 ಕೋಟಿಯಲ್ಲೂ ಬಹುಪಾಲು ಆ ವರ್ಷ ಕೈಗೆ ಬಂದ ಷೇರುಗಳ ಬೆಲೆ. ಎಷ್ಟು ಷೇರು ತೆಗೆದುಕೊಂಡರು, ಅವತ್ತು ಮಾರುಕಟ್ಟೆ ಹೇಗಿತ್ತು ಅನ್ನುವುದರ ಮೇಲೆ ಮೊತ್ತ ಏರಿಳಿಯುತ್ತದೆ. ಒಂದು ವರ್ಷದ ಅಂಕಿ ಹಿಡಿದು ಹೊಗಳುವುದೂ ಬೈಯುವುದೂ ಹಾಗಾಗಿ ನನಗೆ ಸರಿ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಜಗಳ ಎದ್ದದ್ದೂ ಲಾಭದ ಮೇಲಲ್ಲ. 2017ರ ಏಪ್ರಿಲ್‌ನಲ್ಲಿ ಇನ್ಫೋಸಿಸ್‌ನ ಆಗಿನ ಮುಖ್ಯ ಕಾರ್ಯಾಚರಣೆ ಅಧಿಕಾರಿ ಪ್ರವೀಣ್ ರಾವ್ ಅವರ ಸಂಬಳ ಏರಿಕೆಯನ್ನು ನಾರಾಯಣ ಮೂರ್ತಿ ವಿರೋಧಿಸಿದಾಗ ಅವರು ತೆಗೆದ ಮಾತು ಬೇರೆ. ಹೆಚ್ಚಿನ ನೌಕರರಿಗೆ 6ರಿಂದ 8% ಕೊಟ್ಟು ಮೇಲಿನವರಿಗೆ 60-70% ಏರಿಸುವುದು ಸರಿಯಲ್ಲ ಎಂದರು. ಆ ಅಂತರವನ್ನು ಅಳೆಯಲು ಈಗ ಕಂಪನಿಗಳ ವಾರ್ಷಿಕ ವರದಿಯಲ್ಲಿ ಒಂದು ಸಾಲು ಇದೆ. ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ನಿರ್ದೇಶಕರ ಸಂಬಳ ನಡುವಿನ ನೌಕರನ (ಎಲ್ಲರ ಸಂಬಳ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವವನ) ಸಂಬಳದ ಎಷ್ಟು ಪಟ್ಟು ಎಂದು ಬರೆಯಲೇಬೇಕು. ಇನ್ಫೋಸಿಸ್ ಸಿಇಒ ವಿಷಯದಲ್ಲಿ 2021-22ರಲ್ಲಿ ಅದು 872 ಇತ್ತು. ಮರುವರ್ಷ 627.